ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಗಬೇಕೆ?

ಪ್ರೌಢಶಾಲೆಗಳ ಚರ್ಚಾಸ್ಪರ್ಧೆಗೆ ಆರಿಸಬಹುದಾದ ವಿಷಯಗಳಲ್ಲಿ ಇದು ಮೇಲ್ನೋಟಕ್ಕೆ ಬಹಳ ಸುಲಭವಾದುದು. ಪರವಾಗಿ ಮಾತನಾಡುವ ವಿದ್ಯಾರ್ಥಿ ‘ಪ್ರಾಣಕ್ಕಿಂತ ಮಿಗಿಲಾದುದು ಯಾವುದು?’ ಎಂದು ಆರಂಭಿಸುತ್ತಾನೆ. ವಿರೋಧಿಸುವ ವಿದ್ಯಾರ್ಥಿನಿ ‘ಬಡವರು ಹೆಲ್ಮೆಟ್ ಎಲ್ಲಿಂದ ತರಬೇಕು?’ ಎಂದು ಕೇಳುತ್ತಾಳೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಬಿದ್ದವನ ತಲೆಯನ್ನು ಹೆಲ್ಮೆಟ್ ಉಳಿಸುತ್ತದೆಯೇ ಎಂಬುದು ಒಂದು ಪ್ರಶ್ನೆ. ಹೆಲ್ಮೆಟ್ ಧರಿಸದವನಿಗೆ ದಂಡ ಹಾಕುವ ಕಾನೂನಿನಿಂದ ಊರಿನ ಜನರಿಗೆ ಒಟ್ಟಾರೆ ಒಳಿತಾಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದು ಭೌತವಿಜ್ಞಾನಕ್ಕೂ ವೈದ್ಯಶಾಸ್ತ್ರಕ್ಕೂ ಸೇರಿದ್ದು. ಎರಡನೆಯದು ಸಮಾಜ ವಿಜ್ಞಾನಕ್ಕೆ. ಜಗತ್ತಿನ ವಿದ್ವಾಂಸರು ಮೂರು ದಶಕಗಳಿಂದ ನಡೆಸುತ್ತಿರುವ ವಾದದಲ್ಲಿ ಗೊಂದಲ ಹುಟ್ಟುವುದು ಈ ಎರಡನ್ನು ಬೆರೆಸಿದಾಗಲೇ.

ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಇದು ಕೇವಲ ಚರ್ಚಾಸ್ಪರ್ಧೆಯ ವಿಷಯವಲ್ಲ. ತಮಿಳುನಾಡಿನಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಗಳ 11ನೆಯ ತರಗತಿಯ ಮಕ್ಕಳಿಗೆ ಸರಕಾರವೇ ಸೈಕಲ್ ಕೊಡುತ್ತದೆ. ಹೊಸೂರಿನ ಬಳಿ ಅದೇ ಸೈಕಲ್ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ದಾಟಬೇಕು. ತಾಳವಾಡಿಯ ಕಡೆ ಕಾಡಂಚಿನ ಕಿರಿದಾದ ರಸ್ತೆಯಲ್ಲಿ ಅದು ಸಾಗಬೇಕು. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಪಕ್ಕದಲ್ಲಿ ಮಕ್ಕಳು ಸಾಗಬೇಕು. ಕಾಸರಗೋಡಿನವರಿಗೆ ಮಳೆಗಾಲದ ನುಣುಪು ರಸ್ತೆಯ ಚಿಂತೆ. ನೀಲಗಿರಿಯಲ್ಲಿ ಮಾತ್ರ ಏರಿಳಿತದ ಕಾರಣದಿಂದ ಸೈಕಲ್ಲೇ ಅಪರೂಪ. ಶಾಲೆಯ ಗೇಟಿನಿಂದ ಮಕ್ಕಳನ್ನು ಬೀಳ್ಕೊಡುವ ಶಿಕ್ಷಕರು ಅವರಿಗೆ ಏನು ಹೇಳಬೇಕು, ಏನನ್ನು ಕಡ್ಡಾಯ ಮಾಡಬೇಕು, ಏನನ್ನು ಮಾಡಬಾರದು ಎಂಬುದು ನಿತ್ಯದ ಪ್ರಶ್ನೆ.

ಮೊದಲಿಗೆ ಹೆಲ್ಮೆಟ್ ಏನು ಮಾಡುತ್ತದೆ ಎಂಬುದನ್ನು ನೋಡಬಹುದು. ಇದು ಗಣಿತ, ವಿಜ್ಞಾನ ಬೋಧಿಸುವವರಿಗೆ ಒಳ್ಳೆಯ ಪಾಠವೂ ಆಗುತ್ತದೆ. ಸೈಕಲ್ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ ಎಂದಿಟ್ಟುಕೊಂಡರೆ, ಅಷ್ಟು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 5.4 ಮೀಟರ್, ಎಂದರೆ ಗಂಟೆಗೆ ಸುಮಾರು 19.5 ಕಿಲೋಮೀಟರ್. ಬರಿಯ ತಲೆ ಡಾಂಬರಿಗೆ ಬಡಿದಾಗ ಅದು ಎರಡು ಮಿಲಿಮೀಟರ್ ಅಂತರದಲ್ಲಿ ನಿಂತುಬಿಟ್ಟಿತೆಂದು ಭಾವಿಸಿದರೆ, ಆಗ ಉಂಟಾಗುವ ಋಣ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು 750 ಪಟ್ಟು. ಅದೇ ತಲೆ ಎರಡು ಸೆಂಟಿಮೀಟರ್ ಅಂತರದಲ್ಲಿ ನಿಂತರೆ ಕೇವಲ 75 ಪಟ್ಟು. ಹೆಲ್ಮೆಟ್ಟಿನ ಕೆಲಸ ಇಷ್ಟೇ: ತಲೆ ನಿಲ್ಲುವ ಅಂತರವನ್ನು ಹೆಚ್ಚಿಸುವುದು. ಹೊರಗಿನ ಗಟ್ಟಿ ಚಿಪ್ಪಿನೊಳಗಿರುವ, ಎಲ್ಲರೂ ಥರ್ಮೊಕೋಲ್ ಎಂದು ಕರೆಯುವ ಬಿಳಿಯ ಪದಾರ್ಥವು ನಜ್ಜುಗುಜ್ಜಾಗುತ್ತ ಪೆಟ್ಟನ್ನು ತಾನು ನುಂಗುತ್ತದೆ. ಒಮ್ಮೆ ನಜ್ಜಾದ ಥರ್ಮೊಕೋಲ್ ಹಿಂದಿನ ರೂಪಕ್ಕೆ ಮರಳುವುದಿಲ್ಲ. ಆದ್ದರಿಂದಲೇ ಒಂದು ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿಯೇ ಕಂಡರೂ ಮುಂದೆ ಉಪಯೋಗಕ್ಕೆ ಬಾರದು.

ಯೂರೋಪಿನ ಮಾನಕವು ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಹೆಚ್ಚುಕಡಿಮೆ ಇದೇ ವೇಗದಲ್ಲಿ, ಸೆಕೆಂಡಿಗೆ 5.42 ಮೀಟರಿನಲ್ಲಿ, ಅಲ್ಲಿ ಋಣ ವೇಗೋತ್ಕರ್ಷವು 250 ಪಟ್ಟನ್ನು ಮೀರುವಂತಿಲ್ಲ. ಅಮೆರಿಕದ ಮಾನಕದ ಪ್ರಕಾರ ಎರಡು ಮೀಟರ್ ಎತ್ತರದಿಂದ ಬೀಳಿಸಲಾಗುತ್ತದೆ. ಮಿತಿ 300 ಪಟ್ಟು. ಇದರ ಅರ್ಥವನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಸೈಕಲ್ ಹೆಲ್ಮೆಟ್ ರೂಪಿತವಾಗಿರುವುದು ಸವಾರ ತಾನಾಗಿ ಜಾರಿ ಬೀಳುವುದಕ್ಕೆ: ಕಲ್ಲಿಗೆ ಗಾಲಿ ಸಿಕ್ಕುವುದು, ನಾಯಿ ಅಡ್ಡ ಬರುವುದು, ಹಸಿ ಕೆಸರಿನಲ್ಲಿ ಜಾರುವುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದ ಲಾರಿಗೆ ತಲೆ ಬಡಿದರೆ ಆ ವೇಗದ ಚಲನಶಕ್ತಿ ಪರೀಕ್ಷೆಯ ವೇಗದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು, ಏಕೆಂದರೆ ಚಲನಶಕ್ತಿ ಹೆಚ್ಚುವುದು ವೇಗದ ವರ್ಗದಂತೆ. ಅಂಥಲ್ಲಿ ಹೆಲ್ಮೆಟ್ ಸ್ವಲ್ಪ ನೆರವಾಗಬಹುದು, ಕಾಪಾಡುವ ಭರವಸೆ ಕೊಡಲಾರದು.

ಇನ್ನು ಆಸ್ಪತ್ರೆಗಳ ಲೆಕ್ಕ. 1989ರಲ್ಲಿ ಅಮೆರಿಕದ ಸಿಯಾಟಲ್ ನಗರದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು ಹೆಲ್ಮೆಟ್ ಧರಿಸಿದವರಿಗೆ ತಲೆಗೆ ಪೆಟ್ಟಾಗುವ ಅಪಾಯ ಶೇ. 85ರಷ್ಟು ಕಡಿಮೆ ಎಂದು ಪ್ರಕಟಿಸಿತು. ಈ ಸಂಖ್ಯೆ ಜಗತ್ತನ್ನೆಲ್ಲ ಸುತ್ತಿತು. ಇಂದಿಗೂ ಭಾಷಣಗಳಲ್ಲಿ ಕೇಳಿಬರುತ್ತದೆ. ಆದರೆ ಹೆಲ್ಮೆಟ್ ಧರಿಸುವವರು ಬೇರೆ ವಿಷಯಗಳಲ್ಲಿಯೂ ಎಚ್ಚರಿಕೆಯ ಸ್ವಭಾವದವರಾಗಿರಬಹುದು, ಉದ್ಯಾನದೊಳಗಿನ ದಾರಿಯಂತಹ ಸುರಕ್ಷಿತ ಸ್ಥಳಗಳಲ್ಲಿ ಸವಾರಿ ಮಾಡುವವರಾಗಿರಬಹುದು ಎಂಬ ಆಕ್ಷೇಪ ಬಂದಿತು. 2013ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಗಳೇ ಆ ಸಂಖ್ಯೆಯನ್ನು ತಮ್ಮ ಪ್ರಕಟಣೆಗಳಿಂದ ಕೈಬಿಟ್ಟವು. 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ ತಲೆಯ ಪೆಟ್ಟಿನ ಸಾಧ್ಯತೆ ಶೇ. 51ರಷ್ಟು, ತೀವ್ರ ಪೆಟ್ಟಿನದು ಶೇ. 69ರಷ್ಟು ಕಡಿಮೆಯಿರುವುದು ಕಂಡಿತು. 85 ಅಲ್ಲದಿರಬಹುದು, ಆದರೂ ಇದು ಸಣ್ಣ ಲಾಭವಲ್ಲ. ಬೀಳುವವನಿಗೆ ಹೆಲ್ಮೆಟ್ ಒಳ್ಳೆಯದೆಂಬ ಮೊದಲ ಪ್ರಶ್ನೆಯ ಉತ್ತರದಲ್ಲಿ ಹೆಚ್ಚಿನ ಸಂಶಯಕ್ಕೆ ಎಡೆಯಿಲ್ಲ.

ತೊಡಕು ಇರುವುದು ಎರಡನೆಯ ಪ್ರಶ್ನೆಯಲ್ಲಿ. ಎಲ್ಲ ವಯಸ್ಸಿನ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ ಮೊದಲ ಪ್ರಾಂತ ಆಸ್ಟ್ರೇಲಿಯದ ವಿಕ್ಟೋರಿಯ. 1990ರ ಜುಲೈ 1ರಂದು ಅಲ್ಲಿ ಕಾನೂನು ಜಾರಿಗೆ ಬಂದಿತು. ಎರಡು ವರ್ಷಗಳೊಳಗೆ ಆ ದೇಶದ ಉಳಿದ ರಾಜ್ಯಗಳೂ, 1994ರಲ್ಲಿ ನ್ಯೂಜಿಲೆಂಡೂ ಅದೇ ದಾರಿ ಹಿಡಿದವು. ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರುವವರ ಸಂಖ್ಯೆ ತಗ್ಗಿತು. ಆದರೆ ಮೆಲ್ಬರ್ನ್ ನಗರದ ರಸ್ತೆಗಳಲ್ಲಿ ನಡೆಸಿದ ಎಣಿಕೆಗಳಲ್ಲಿ ಸೈಕಲ್ ತುಳಿಯುವ ಹುಡುಗ ಹುಡುಗಿಯರ ಸಂಖ್ಯೆಯೇ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಇಳಿದಿತ್ತು. ಸವಾರರು ಕಡಿಮೆಯಾದರೆ ಬೀಳುವವರೂ ಕಡಿಮೆಯಾಗುವುದು ಸಹಜ. ಅದೇ ಸಮಯದಲ್ಲಿ ವಿಕ್ಟೋರಿಯದಲ್ಲಿ ಕುಡಿದು ವಾಹನ ಚಲಾಯಿಸುವವರ ಮೇಲೂ, ಅತಿವೇಗದ ಮೇಲೂ ಬಿಗಿಯಾದ ಕ್ರಮ ಆರಂಭವಾಗಿತ್ತು. ಹೀಗಾಗಿ ಲಾಭದಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ವೇಗದ ಕ್ಯಾಮೆರಾಗಳ ಪಾಲೆಷ್ಟು, ಸೈಕಲ್ ಬಿಟ್ಟವರ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಸವಾರರ ಇಳಿಕೆ ತಾತ್ಕಾಲಿಕವಾಗಿತ್ತೆಂದು ಕೆಲವರ ಮತ; ಬೊಜ್ಜು, ಹೃದ್ರೋಗಗಳ ಲೆಕ್ಕವನ್ನೂ ಸೇರಿಸಬೇಕೆಂದು ಇನ್ನು ಕೆಲವರದು.

ಹಾಲೆಂಡಿನ ಕಥೆ ಬೇರೆಯೇ. ಅಲ್ಲಿ ಸಾಮಾನ್ಯ ಸೈಕಲ್ ಸವಾರರು ಹೆಲ್ಮೆಟ್ ಧರಿಸುವುದು ಬಹಳ ಅಪರೂಪ, ಕಡ್ಡಾಯವೂ ಇಲ್ಲ. ಆದರೂ ಕ್ರಮಿಸಿದ ದೂರಕ್ಕೆ ಹೋಲಿಸಿದರೆ ಸೈಕಲ್ ಸವಾರರ ಸಾವು ಅತಿ ಕಡಿಮೆಯಿರುವ ದೇಶಗಳಲ್ಲಿ ಅದೂ ಒಂದು. ಇದು ಅವರ ಪುಣ್ಯದಿಂದ ಬಂದದ್ದಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಮಗುವನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಬರೆದ ಲೇಖನದ ತಲೆಬರಹವೇ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅರ್ಥದ ಚಳವಳಿಯ ಹೆಸರಾಯಿತು. ತಾಯ್ತಂದೆಯರು ಬೀದಿಗಿಳಿದರು. ಮುಂದಿನ ದಶಕಗಳಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥಗಳು ಬಂದವು, ವಸತಿ ಬೀದಿಗಳಲ್ಲಿ ಮೋಟಾರು ವಾಹನಗಳ ವೇಗ ಇಳಿಯಿತು. ಪೆಟ್ಟು ಬಿದ್ದಾಗ ತಲೆಯನ್ನು ಕಾಪಾಡುವ ಬದಲು ಪೆಟ್ಟೇ ಬೀಳದಂತೆ ಮಾಡುವ ದಾರಿಯನ್ನು ಅವರು ಆರಿಸಿಕೊಂಡರು. ಹಣ, ಕಾಲ, ಹಟ ಮೂರೂ ಬೇಕಾದ ದಾರಿ ಅದು.

ಕಾನೂನನ್ನು ಹಿಂತೆಗೆದುಕೊಂಡ ಊರುಗಳೂ ಇವೆ. ಮೆಕ್ಸಿಕೊ ನಗರ 2010ರಲ್ಲಿ, ಇಸ್ರೇಲ್ ವಯಸ್ಕರ ಮಟ್ಟಿಗೆ 2011ರಲ್ಲಿ ಕಡ್ಡಾಯವನ್ನು ಬಿಟ್ಟವು. ಶೇ. 85ರ ಅಧ್ಯಯನ ಹುಟ್ಟಿದ ಸಿಯಾಟಲ್ ಪ್ರದೇಶವೇ 2022ರಲ್ಲಿ ತನ್ನ ಹೆಲ್ಮೆಟ್ ನಿಯಮವನ್ನು ರದ್ದುಮಾಡಿತು. ಹೆಲ್ಮೆಟ್ ನಿರುಪಯುಕ್ತವೆಂದು ಅಲ್ಲಿ ಯಾರೂ ಹೇಳಲಿಲ್ಲ. ಪೊಲೀಸರು ದಂಡ ಹಾಕುತ್ತಿದ್ದುದು ಹೆಚ್ಚಾಗಿ ಮನೆಯಿಲ್ಲದವರಿಗೆ ಮತ್ತು ಕಪ್ಪು ಜನರಿಗೆ ಎಂಬುದು ದಾಖಲೆಗಳಿಂದ ಹೊರಬಿದ್ದದ್ದು ಕಾರಣ. ಚರ್ಚಾಸ್ಪರ್ಧೆಯ ವಿದ್ಯಾರ್ಥಿನಿ ಹೇಳಿದ ಬಡವರ ಮಾತು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ವಿರೋಧಿಗಳು ಆಗಾಗ ಮುಂದಿಡುವ ಇನ್ನೊಂದು ಪ್ರಯೋಗವನ್ನೂ ಹೇಳಬೇಕು, ಏಕೆಂದರೆ ಅದನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2006ರಲ್ಲಿ ತನ್ನ ಸೈಕಲ್ಲಿಗೆ ದೂರ ಅಳೆಯುವ ಉಪಕರಣ ಕಟ್ಟಿಕೊಂಡು, ಒಮ್ಮೆ ಹೆಲ್ಮೆಟ್ ಧರಿಸಿ, ಒಮ್ಮೆ ಬರಿತಲೆಯಲ್ಲಿ ಸವಾರಿ ಮಾಡಿದರು. ಹೆಲ್ಮೆಟ್ ಧರಿಸಿದಾಗ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರ್ ಹೆಚ್ಚು ಸಮೀಪದಿಂದ ಹಾದುಹೋದವು. ಉದ್ದ ಕೂದಲಿನ ಟೋಪನ್ ಧರಿಸಿ ಹೆಣ್ಣಿನಂತೆ ಕಾಣಿಸಿಕೊಂಡಾಗ ಚಾಲಕರು ಇನ್ನಷ್ಟು ಜಾಗ ಬಿಟ್ಟರು! ಮುಂದೆ ಇದೇ ಅಂಕಿಗಳನ್ನು ಮರಳಿ ಪರಿಶೀಲಿಸಿದ ಬೇರೆ ಸಂಶೋಧಕರು, ಒಂದು ಮೀಟರಿನೊಳಗೆ ಹಾದುಹೋಗುವ ನಿಜವಾದ ಅಪಾಯದ ಮಟ್ಟದಲ್ಲಿ ಹೆಲ್ಮೆಟ್ಟಿನಿಂದ ಗಮನಾರ್ಹ ವ್ಯತ್ಯಾಸವಾಗುವುದಿಲ್ಲವೆಂದು ತೋರಿಸಿದರು. ಒಂದೇ ಅಂಕಿಗಳಿಂದ ಎರಡು ತೀರ್ಮಾನಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ತರಗತಿಗೆ ಸಿಗುವುದು ಕಷ್ಟ.

ಭಾರತದ ಸ್ಥಿತಿಗೆ ಬಂದರೆ, ಮೋಟಾರು ವಾಹನ ಕಾಯ್ದೆ, 1988ರ 129ನೆಯ ಪ್ರಕರಣವು ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರು ಸೈಕಲ್ ಸವಾರರಿಗೆ ಮಾತ್ರ. ಪೆಡಲ್ ತುಳಿಯುವ ಸೈಕಲ್ ಆ ಕಾಯ್ದೆಯ ಅರ್ಥದಲ್ಲಿ ಮೋಟಾರು ವಾಹನವೇ ಅಲ್ಲ. ಅದಕ್ಕೆ ನೋಂದಣಿಯಿಲ್ಲ, ಸವಾರನಿಗೆ ಲೈಸೆನ್ಸಿಲ್ಲ; ಆದ್ದರಿಂದ ಲೈಸೆನ್ಸ್ ಅಮಾನತಿನ ಬೆದರಿಕೆಯೂ ಇಲ್ಲಿ ನಡೆಯದು. ಒಂದು ಕಾಲದಲ್ಲಿ ಊರಿನ ಪೊಲೀಸರು ಸೈಕಲ್ಲಿಗೆ ದೀಪವಿಲ್ಲವೆಂದೂ, ‘ಡಬಲ್ ರೈಡಿಂಗ್’ ಎಂದೂ ಹಿಡಿದು ನಿಲ್ಲಿಸುತ್ತಿದ್ದುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆ ನಿಯಮಗಳು ಜನರ ನಡತೆಯನ್ನು ತಿದ್ದಿದ್ದಕ್ಕಿಂತ ಪೊಲೀಸ್ ಕಂಡೊಡನೆ ಇಳಿದು ಸೈಕಲ್ ತಳ್ಳುವುದನ್ನೇ ಹೆಚ್ಚು ಕಲಿಸಿದವು.

ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸುಮಾರು 1.68 ಲಕ್ಷ ಜನ ಸತ್ತರು. ಅವರಲ್ಲಿ ಸೈಕಲ್ ಸವಾರರು ಸುಮಾರು 4,800. ಕಾಲ್ನಡಿಗೆಯವರು 32,000ಕ್ಕೂ ಹೆಚ್ಚು. ನಡೆಯುವವರಿಗೆ ಹೆಲ್ಮೆಟ್ ಕಡ್ಡಾಯ ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಅವರ ಸಾವಿಗೆ ಮದ್ದನ್ನು ರಸ್ತೆಯಲ್ಲಿಯೇ, ವಾಹನಗಳ ವೇಗದಲ್ಲಿಯೇ ಹುಡುಕಲಾಗುತ್ತದೆ. ಅದೇ ರಸ್ತೆಯ ಅಂಚಿನಲ್ಲಿ, ಅದೇ ಲಾರಿಗಳ ಪಕ್ಕದಲ್ಲಿ ಸಾಗುವ ಸೈಕಲ್ ಸವಾರನಿಗೆ ಮಾತ್ರ ಮದ್ದು ತಲೆಯ ಮೇಲಿರಬೇಕೆಂಬುದು ತರ್ಕಕ್ಕೆ ಹೊಂದುವುದಿಲ್ಲ. ಮಕ್ಕಳೂ ಪಾದಚಾರಿಗಳೂ ಸವಾರರೂ ವಾಹನಗಳೊಡನೆ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಸೂಚಿಸಿದೆ.

ಸೈಕಲ್ ಎಂದರೆ ಇಲ್ಲಿ ವ್ಯಾಯಾಮದ ಸಾಧನವಲ್ಲ ಎಂಬುದನ್ನೂ ಮರೆಯುವಂತಿಲ್ಲ. 2011ರ ಜನಗಣತಿಯಂತೆ ದೇಶದ ಶೇ. 44.8ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನವು ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಕಲಿಸಿತು; ಸಾವಿರಾರು ಹೆಂಗಸರು ತಾವೇ ಪೇಟೆಗೆ ಹೋಗಿ ಬರುವಂತಾದರು. ಬಿಹಾರ ಸರಕಾರ 2006ರಿಂದ 9ನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಟ್ಟಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದೂ, ಹುಡುಗ ಹುಡುಗಿಯರ ನಡುವಣ ಅಂತರ ಶೇ. 40ರಷ್ಟು ತಗ್ಗಿತೆಂದೂ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ತೋರಿಸಿದೆ. ಗಡಿನಾಡಿನಲ್ಲಿ ಇದರ ತೂಕ ಇನ್ನೂ ಹೆಚ್ಚು. ಕನ್ನಡ ಮಾಧ್ಯಮದ ಶಾಲೆ ಪ್ರತಿ ಊರಿನಲ್ಲಿ ಇರುವುದಿಲ್ಲ; ಪಕ್ಕದ ಹಳ್ಳಿಯ ಶಾಲೆಗೆ ಹೋಗಲು ಸೈಕಲ್ ಇದ್ದರೆ ಕನ್ನಡದಲ್ಲಿ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ಮಗು ಮನೆಯ ಬಳಿಯ ಬೇರೆ ಮಾಧ್ಯಮದ ಶಾಲೆಗೆ ಸೇರುತ್ತದೆ, ಇಲ್ಲವೇ ಹುಡುಗಿಯಾದರೆ ಮನೆಯಲ್ಲೇ ಉಳಿಯುತ್ತದೆ. ‘ಹೆಲ್ಮೆಟ್ ಇಲ್ಲದೆ ಸೈಕಲ್ ತರಬಾರದು’ ಎಂದು ಶಾಲೆ ಒಂದು ಸುತ್ತೋಲೆ ಹೊರಡಿಸಿದರೆ, ಹೆಲ್ಮೆಟ್ ಕೊಳ್ಳಲಾಗದ ಮನೆಯ ಮಗು ಬರಿತಲೆಯಲ್ಲಿ ಬರುವುದನ್ನು ನಿಲ್ಲಿಸಬಹುದು. ಜೊತೆಗೆ ಬರುವುದನ್ನೇ ನಿಲ್ಲಿಸಲೂಬಹುದು.

ಆದ್ದರಿಂದ ಎರಡನೆಯ ಪ್ರಶ್ನೆಗೆ ಗಡಿನಾಡಿನ ಈಗಿನ ಸ್ಥಿತಿಯಲ್ಲಿ ಸಿಗುವ ಉತ್ತರ: ದಂಡದ ಕಾನೂನು ಬೇಡ, ಮಕ್ಕಳ ತಲೆಗೆ ಹೆಲ್ಮೆಟ್ ಬೇಕು. ಇವು ಪರಸ್ಪರ ವಿರುದ್ಧವಲ್ಲ. ಸ್ವೀಡನ್ 2005ರಿಂದ 15 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ ಮಾಡಿದೆ. ಜಪಾನ್ 2023ರ ಏಪ್ರಿಲ್ 1ರಿಂದ ಎಲ್ಲ ವಯಸ್ಸಿನ ಸವಾರರೂ ಹೆಲ್ಮೆಟ್ ಧರಿಸಲು ‘ಪ್ರಯತ್ನಿಸಬೇಕು’ ಎಂದು ಕಾನೂನಿನಲ್ಲಿಯೇ ಬರೆದಿದೆ, ತಪ್ಪಿದರೆ ದಂಡವಿಲ್ಲ. ಕರ್ತವ್ಯವನ್ನು ಹೇಳಿ ಶಿಕ್ಷೆಯನ್ನು ಹೇಳದ ಕಾನೂನು ನಮ್ಮವರಿಗೆ ವಿಚಿತ್ರವೆನಿಸಬಹುದು. ಶಿಕ್ಷಕರಿಗೆ ಮಾತ್ರ ಅದು ಹೊಸದಲ್ಲ, ಶಾಲೆಯ ಬಹುಪಾಲು ನಿಯಮಗಳು ನಡೆಯುವುದು ಹಾಗೆಯೇ. ಸೈಕಲ್ ಕೊಡುವ ಸರಕಾರ ಅದರ ಜೊತೆಗೇ ಹೆಲ್ಮೆಟ್ಟನ್ನೂ ಕೊಡಬೇಕೆಂದು ಶಾಲಾ ಸಮಿತಿಯ ಮೂಲಕ ಕೇಳುವುದು ನ್ಯಾಯವಾದ ಬೇಡಿಕೆ. ಊರಿನ ಸಹಕಾರ ಸಂಘ, ಹಳೆಯ ವಿದ್ಯಾರ್ಥಿಗಳು ಒಂದಷ್ಟು ಕೊಡಿಸಿಯಾರು.

ಹೆಲ್ಮೆಟ್ ಸಿಕ್ಕ ಮೇಲೆಯೂ ಕೆಲವು ಸಂಗತಿಗಳತ್ತ ಶಿಕ್ಷಕರು ಗಮನ ಹರಿಸಬೇಕು. ಅಪ್ಪನ ಬೈಕ್ ಹೆಲ್ಮೆಟ್ ಮಗುವಿಗೆ ಬೇಡ. ಅದು ಭಾರ, ಸಡಿಲ, ಕಿವಿಯನ್ನೂ ಮುಚ್ಚುತ್ತದೆ, ಹಿಂದಿನ ಹಾರ್ನ್ ಕೇಳಿಸುವುದಿಲ್ಲ. ಸೈಕಲ್ ಹೆಲ್ಮೆಟ್ಟಿನ ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಟೋಪಿಯಂತೆ ಹಿಂದಕ್ಕೆ ಸರಿಸಿಕೊಂಡರೆ ಹಣೆಯೇ ಬಯಲಾಗುತ್ತದೆ. ಪಟ್ಟಿಗಳು ಎರಡೂ ಕಿವಿಗಳ ಕೆಳಗೆ ಕೂಡಬೇಕು, ಗದ್ದದ ಕೆಳಗೆ ಒಂದೆರಡು ಬೆರಳಷ್ಟೇ ತೂರಬೇಕು. ಹುಡುಗಿಯರು ತುರುಬನ್ನು ಎತ್ತರಕ್ಕೆ ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ, ತಗ್ಗಾಗಿ ಹೆಣೆದ ಜಡೆಗೆ ತೊಂದರೆಯಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳುವವರು ತೆಳುವಾದ, ಗಂಟಿಲ್ಲದ ಬಟ್ಟೆಯನ್ನು ಬಳಸಬೇಕು. ಸೈಕಲ್ ಇಳಿದು ಜಾರುಬಂಡೆ, ಮರ ಹತ್ತುವ ಮಕ್ಕಳು ಮೊದಲು ಹೆಲ್ಮೆಟ್ ತೆಗೆಯಬೇಕು. ಪಟ್ಟಿ ಎಲ್ಲಾದರೂ ಸಿಕ್ಕಿ ಕುತ್ತಿಗೆ ಬಿಗಿದ ದುರಂತಗಳು ಬೇರೆ ದೇಶಗಳಲ್ಲಿ ನಡೆದಿವೆ.

ಭಾಷಾ ಶಿಕ್ಷಕರಿಗೂ ಇಲ್ಲಿ ಒಂದು ಚಿಕ್ಕ ಕೆಲಸವಿದೆ. ರಸ್ತೆ ಸುರಕ್ಷತೆಯ ಫಲಕಗಳು ಗಡಿನಾಡಿನ ಮಗುವಿಗೆ ಸಿಗುವುದು ಆಯಾ ರಾಜ್ಯದ ಭಾಷೆಯಲ್ಲಿ. ಮರಾಠಿಯ, ತೆಲುಗಿನ ಫಲಕಗಳಲ್ಲಿ ಕನ್ನಡದಂತೆಯೇ ‘ಶಿರಸ್ತ್ರಾಣ’ ಕಾಣಬಹುದು. ತಮಿಳಿನ ಫಲಕ ‘ತಲೈಕ್ಕವಸಂ’ ಎನ್ನುತ್ತದೆ. ಬಾಯಿಮಾತಿನಲ್ಲಿ ಮಾತ್ರ ಎಲ್ಲೆಡೆ ಹೆಲ್ಮೆಟ್ಟೇ. ದಾರಿಯಲ್ಲಿ ಕಂಡ ಫಲಕಗಳನ್ನು ಮಕ್ಕಳಿಂದ ಬರೆಸಿಕೊಂಡು ತಂದು ಕನ್ನಡದಲ್ಲಿ ಅರ್ಥ ಬಿಡಿಸಿದರೆ ನಿಯಮವೂ ತಿಳಿಯುತ್ತದೆ, ನೆರೆಭಾಷೆಯೂ ಹತ್ತಿರವಾಗುತ್ತದೆ.

ಹೆಲ್ಮೆಟ್ಟಿಗೆ ಕಾಯುತ್ತಿರುವಾಗ ಕೈಯಲ್ಲಿರುವ ಇನ್ನೊಂದು ಕೆಲಸ ಹೆಚ್ಚು ಖರ್ಚಿನದಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಮನೆ ಸೇರುವ ಮಗುವನ್ನು ಹಿಂದಿನಿಂದ ಬರುವ ಚಾಲಕ ಕಾಣದೆ ಹೋಗುವುದೇ ದೊಡ್ಡ ಅಪಾಯ. ಕಬ್ಬಿನ ಹಂಗಾಮಿನಲ್ಲಿ, ಹಿಂದೆ ದೀಪವಿಲ್ಲದೆ ನಿಂತ ಟ್ರೇಲರನ್ನು ಸವಾರನೇ ಕಾಣದೆ ಡಿಕ್ಕಿ ಹೊಡೆಯುವುದು ಅಷ್ಟೇ ದೊಡ್ಡದು. ಹಿಂದಿನ ಮಡ್‌ಗಾರ್ಡಿಗೆ ಕೆಂಪು ಪ್ರತಿಫಲಕ ಪಟ್ಟಿ, ಶಾಲಾ ಚೀಲಕ್ಕೆ ಒಂದು ಬಿಳಿಯ ಪಟ್ಟಿ, ಎರಡೂ ಬ್ರೇಕುಗಳ ತಪಾಸಣೆ, ಇವನ್ನು ತಿಂಗಳ ಮೊದಲ ಶನಿವಾರ ಶಾಲೆಯ ಸೈಕಲ್ ನಿಲ್ದಾಣದಲ್ಲಿ ಒಂದು ಗಂಟೆಯಲ್ಲಿ ಮುಗಿಸಬಹುದು. ಊರಿನ ಸಕ್ಕರೆ ಕಾರ್ಖಾನೆಗೂ ಟ್ರ್ಯಾಕ್ಟರ್ ಮಾಲೀಕರಿಗೂ ಟ್ರೇಲರುಗಳ ಹಿಂದೆ ಇದೇ ಪಟ್ಟಿ ಅಂಟಿಸಬೇಕೆಂದು ಪತ್ರ ಬರೆಯುವುದನ್ನು 9ನೆಯ ತರಗತಿಯ ಪತ್ರಲೇಖನದ ಅಭ್ಯಾಸಕ್ಕೆ ಕೊಡಬಹುದು; ಪತ್ರವನ್ನು ಅಂಕ ಹಾಕಿ ಇಟ್ಟುಕೊಳ್ಳದೆ ಅಂಚೆಗೂ ಹಾಕಬೇಕು.